ಒಂದು ಸುತ್ತು ಬಾಕಿ

ಊರಿಗೆ ಬಂದ ಮರುದಿನ ಎಲ್ಲಾರದೂ ಒಂದ ಮಾತು:
ಎಷ್ಟನೇ ನಂಬರ ಬಂತು?
ಖಾನಾವಳಿ ಗುರವ್ವ ಕೇಳಿದಳು, ಚಾದಂಗಡಿ ಮಲಿಕ ಕೇಳಿದ,
ಹಾಸ್ಟೆಲಿನ ಸಣ್ಣ ಹುಡುಗ್ಯಾರು ಸಾಲಾಗಿ ನಿಂತು ಕೇಳಿದರು.
ನಂಬರ ಇಲ್ಲ.
ಹಾಳಿ ಮ್ಯಾಲ 'ಚವ್ಹಾಣ ದಾಮಿನಿ' ಮುಂದ
ಒಂದು ಅಡ್ಡಗೆರಿ, ಅದರ ಬಾಜೂಕ ಒಂದು.
ಮೈನಸ್ ಒಂದು ಸುತ್ತು.
ಮಲಿಕನ ಉದ್ರಿ ವಹಿಯೊಳಗ ಬರದಂಗ.

ಶ್ರಾವಣದಾಗ ಕಾಮಣಿ ಆಗಿತ್ತು ನನಗ.
ಮೊದಲು ಉಗುರು, ಆಮ್ಯಾಲ ಕಣ್ಣು.
ಕಾಮಣಿ ಕಣ್ಣಿಗೆ ಜಗತ್ತೆಲ್ಲಾ ಹಳದಿ ಅಂತಾರಲ್ಲ, ಸುಳ್ಳು.
ಜಗತ್ತು ತನ್ನ ಬಣ್ಣದಾಗ ತಾನಿತ್ತು.
ಹಳದಿ ನಾನೊಬ್ಬಾಕಿ.
ಯಾಡಿ ತಾಂಡಾದಿಂದ ನೆಲನೆಲ್ಲಿ ಕಿತ್ತು ತಂದು
ಆಸ್ಪತ್ರಿ ಕಾಟಿನ ಕೆಳಗ ಬಚ್ಚಿಟ್ಟು, ಅರೆದು ಕುಡಿಸಿದಳು.
ಡಾಕ್ಟರಿಗೂ ಗೊತ್ತಿತ್ತು, ಗೊತ್ತಿಲ್ಲದಂಗ ಹೋದರು.
ನಲವತ್ತು ದಿನ ಎಣ್ಣಿ ಇಲ್ಲ, ಖಾರ ಇಲ್ಲ,
ಶೇಂಗಾ ಹಿಂಡಿ ಇಲ್ಲದ ರೊಟ್ಟಿ,
ಅದನ್ನ ರೊಟ್ಟಿ ಅನಬೇಕ?
ಏಳು ಕಿಲೋ ಹೋತು. ತೊಡಿ ನೋಡಕೊಂಡರ
ಯಾರದೋ ಸಣ್ಣ ಹುಡುಗನ ತೊಡಿ.

ಟಿಕೆಟ್ ಮಾತ್ರ ಆಗಿತ್ತು.
ದಾವಲಸಾಬ ಸರ್ ಗ್ವಾಡಿ ನೋಡಿಕೋಂತ ಅಂದರು:
ಹೋಗದಿದ್ದರ ಯಾರೂ ಏನೂ ಅನ್ನೂದಿಲ್ಲ.
ಅಂದವರ ಕುಂತು ಚೈನಿಗೆ ಎಣ್ಣಿ ಬಿಟ್ಟರು,
ಒಂದೊಂದು ಕೊಂಡಿಗೆ ಒಂದೊಂದ ಹನಿ,
ನನಗ ಇಲ್ಲದ ಎಣ್ಣಿ.

ನಮ್ಮ ಊರಾಗ ಎತ್ತರ ಅಂದ್ರ ಉಪ್ಪಲಿ ಬುರುಜು.
ಕಿರ್ಗಿಸ್ತಾನದಾಗ ಗುಡ್ಡ
ಒಂದರ ಹೆಗಲ ಮ್ಯಾಲ ಒಂದು ಕುಂತಿದ್ದವು.
ಯಾವ ಗಿಡವೋ, ಬೇರೆಲ್ಲಾ ನೆಲದ ಮ್ಯಾಲ ಬಂದು
ಬಿಸಲ ಕಾಸತಿದ್ದವು ಹಾದಿ ತುಂಬ.
ಮೊದಲನೇ ಸುತ್ತಿನ್ಯಾಗ ಎಲ್ಲಾರ ಬೆನ್ನು ಕಂಡೆ.
ಎರಡನೇದ್ರಾಗ ಇಬ್ಬರ ಬೆನ್ನು.
ಮೂರನೇದ್ರಾಗ ಬರೇ ಗಾಲಿ ಗುರುತು.
ಬಾಯಿಗೆ ನೆಲನೆಲ್ಲಿ ಕಹಿ ತಿರುಗಿ ಬಂತು.
ಇಳಿದೆ. ಸೈಕಲ್ಲ ಹೆಗಲ ಮ್ಯಾಲ ಹೊತ್ತು ನಡದೆ,
ಅದು ನನ್ನ ಹೊರೂದು ಬಿಟ್ಟು.

ಹಗ್ಗದ ಆಚೆ ಒಬ್ಬ ಮುದುಕಿ
ಕುದುರಿ ಕೊರಳ ಗಂಟಿ ಬಿಚ್ಚಿ ಹಿಡಕೊಂಡು
ಬಾರಿಸಿದ್ದ ಬಾರಿಸಿದ್ದು, ಎಲ್ಲಾರೂ ದಾಟಿ ಹೋದ ಮ್ಯಾಲೂ,
ನನ್ನೊಬ್ಬಾಕಿ ಸಲುವಾಗಿ.
ಆಕಿ ಭಾಷಾ ನನಗ ಬರೂದಿಲ್ಲ. ಗಂಟಿ ಬರತೈತಿ.
ನಮ್ಮ ಆಡಿನ ಕೊರಳಾಗೂ ಅದ ಮಾತು.

ನಾಕನೇ ಸುತ್ತಿನ ಕಡೀಕ
ಕಿತ್ತಳಿ ಅಂಗಿಯಾಕಿ ಸೀಟಿ ಊದಿ ಕೈ ಅಡ್ಡ ಹಿಡಿದಳು.
ಮುಂದಿದ್ದಾಕಿ ಹಿಂದಿನಿಂದ ಬರಾಕ ಹತ್ತ್ಯಾಳ, ಬಾಜೂ ಸರಿ.
ಮುಂದಿದ್ದಾಕಿ ಹಿಂದಿನಿಂದ!
ಸುತ್ತಿನ ಆಟದಾಗಷ್ಟ ಆಗೂ ಚಮತ್ಕಾರ.
ನಿಲ್ಲು ಅಂದದ್ದು ಕೇಳಿ ನನ್ನ ಕಾಲಿಗೆ ಖುಷಿ ಆತು.
ಸುಳ್ಳ್ಯಾಕ ಹೇಳಲಿ.
ಖುಷಿ ಆದ ಮ್ಯಾಲ ಅಳು ಬಂತು,
ಖುಷಿ ಆದದ್ದಕ್ಕ.

ಉದ್ರಿ ಇಟಗೊಂಡು ನಿದ್ದಿ ಹತ್ತೂದಿಲ್ಲ ನಮ್ಮ ಮನಿತನಕ್ಕ.
ನಿನ್ನೆ ನಸಕಿನ್ಯಾಗ ಎದ್ದೆ.
ಗೋಳಗುಮ್ಮಟ ಬೆನ್ನಿಗೆ ಬಿಟ್ಟು
ಭೂತನಾಳ ಕೆರಿ ಕಡೆ ತುಳಿದೆ, ಗರಸಿನ ಹಾದಿ.
ನಾಕೂವರಿ ಕಿಲೋಮೀಟರ್ ಸಿಗತೈತಿ ಇಲ್ಲೂ.
ಗುಡ್ಡ ಎಲ್ಲಿಂದ ತರಲಿ?
ಅಲ್ಲಿ ಏರಿದಷ್ಟ ಏರಬೇಕಂದ್ರ
ಕೆರಿ ಏರಿಯನ್ನ ಇಪ್ಪತ್ತೆರಡು ಸಲ ಹತ್ತಿ ಇಳೀಬೇಕು.
ಆಗಲಿ, ಗುಡ್ಡಾನ ಕಂತಿನ್ಯಾಗ ತೀರಸೂದು.

ಎಮ್ಮಿ ಮೈ ತೊಳಿಯೂ ಹುಡುಗೊಬ್ಬ
ಕೇಳದನ ಎಣಸಾಕ ನಿಂತ.
ನನಗ ಉಸಿರು ಕಟ್ಟಿ ಕಲ್ಲಿನ ಮ್ಯಾಲ ಕುಂತಾಗ
ಅಕ್ಕಾ, ಹದಿನಾಕಾದವು ಅಂದ.
ಹದಿಮೂರು, ಅಂದೆ.
ಹದಿನಾಕು.
ನೀ ತುಳದ್ಯೋ ನಾ ತುಳದನೋ?
ನೀ ತುಳದಿ, ನಾ ನೋಡೀನಿ.
ಜಗಳ ಬಗಿಹರೀಲಿಲ್ಲ.
ನಾಳೆ ಬಾ, ಉಳಿದದ್ದು ನಾಳೆ, ಅಂದೆ.

ಎಮ್ಮಿ ಹೊಡಕೊಂಡು ಹೋದ.
ಒಂದು ಕೈಯಾಗ ಬಾರಕೋಲು,
ಇನ್ನೊಂದು ಕೈಯಾಗ ನಾಕು ಬೆರಳು
ಮಡಚಿದವು ಮಡಚಿದಂಗ,
ಮನಿ ಮುಟ್ಟೂತನಕ
ಲೆಕ್ಕ ಮರೀಬಾರದಂತ.